ಕೆಮಿಸ್ಟ್ರಿ ಗುಂಪು ಬೇಡ, ನೀರಿನ ಗುಂಪು ಮಾಡಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ನಿವೃತ್ತ ವಿಜ್ಞಾನಿಗಳ ಸ್ವಯಂಸೇವಾ ಸಂಘ ಇದೆ. ನೋಂದಣಿಯಾಗಿ ಒಂಬತ್ತು ವರ್ಷವಾಯಿತು. 64 ಸದಸ್ಯರಿದ್ದಾರೆ. ತಿಂಗಳ ಸಭೆಗೆ ಇಪ್ಪತ್ತು ಜನ ಬರುತ್ತಾರೆ. ಆದರೆ ಕೆಲಸಕ್ಕೆ ಸಿಗುವವರು ನಾಲ್ಕೇ ಜನ, ಅದೂ ಪ್ರತಿ ಸಲ ಅದೇ ನಾಲ್ವರು. ಸಂಘವನ್ನು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಆಹಾರ ವಿಜ್ಞಾನ, ಎಲೆಕ್ಟ್ರಾನಿಕ್ಸ್, ಕೃಷಿ, ಗಣಿತ ಎಂದು ಏಳು ಸಣ್ಣ ಗುಂಪು ಮಾಡೋಣ ಎಂಬ ಸಲಹೆ ಬಂದಿದೆ. ಹಾಗೆ ಮಾಡಿದರೆ ಸಂಘ ಒಡೆಯುತ್ತದೆ ಎಂದು ಕೆಲವು ಹಿರಿಯರು ಹೇಳುತ್ತಿದ್ದಾರೆ. ಏನು ಮಾಡಬೇಕು? ಬೈಲಾ ತಿದ್ದಬೇಕಾ? ತಿಂಗಳ ಸಭೆ ನಿಲ್ಲಿಸಬೇಕಾ? — ಸಂಘದ ಕಾರ್ಯದರ್ಶಿ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಅದೇ ನಾಲ್ವರು’ ಎಂಬ ಮಾತು. ಆ ನಾಲ್ವರಲ್ಲಿ ನೀವೂ ಒಬ್ಬರು ಎಂದು ನನಗೆ ಅನ್ನಿಸುತ್ತದೆ. ಹಾಲ್ ಬುಕ್ ಮಾಡುವುದು, ಫೋನ್ ಮಾಡುವುದು, ಕುರ್ಚಿ ಹಾಕಿಸುವುದು, ಕೊನೆಗೆ ಲೆಕ್ಕ ಬರೆಯುವುದು, ಎಲ್ಲ ನಿಮ್ಮ ತಲೆ ಮೇಲೆ. ಉಳಿದ ಅರವತ್ತು ಜನರ ಮೇಲೆ ಒಳಗೊಳಗೇ ಸ್ವಲ್ಪ ಬೇಸರವೂ ಇರಬಹುದು. ಆ ಬೇಸರವನ್ನು ಮೊದಲು ಇಳಿಸಿಬಿಡಿ. ಅವರು ಸೋಮಾರಿಗಳಲ್ಲ. ಮೂವತ್ತೈದು ವರ್ಷ ಬೆಳಿಗ್ಗೆ ಎಂಟೂವರೆಗೆ ಲ್ಯಾಬ್ ಬಾಗಿಲು ತೆಗೆದವರು. ಅವರು ಸುಮ್ನೆ ಕೂತಿರುವುದಕ್ಕೆ ಕಾರಣ ಸಂಘದ ಆಕಾರದಲ್ಲಿದೆ.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಜನರ ಕೈಗೆ ಹಗ್ಗ ಕೊಟ್ಟು ಎಳೆಸಿ, ಎಷ್ಟು ಬಲ ಬೀಳುತ್ತದೆ ಎಂದು ಅಳೆದಿದ್ದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಒಬ್ಬನೇ ಎಳೆದಾಗ ಹಾಕಿದ ಬಲ ನೂರು ಎಂದಿಟ್ಟುಕೊಳ್ಳಿ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದು ಕಷ್ಟ, ಅದಕ್ಕೇ ಹೀಗೆ ಆಗಿರಬಹುದು ಎಂದು ನೀವು ಹೇಳಬಹುದು. 1974ರಲ್ಲಿ ಅಮೆರಿಕದ ಸಂಶೋಧಕರು ಅದನ್ನೂ ನೋಡಿದರು. ಕಣ್ಣಿಗೆ ಬಟ್ಟೆ ಕಟ್ಟಿದರು. ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ ಎಂದು ನಂಬಿಸಿದರು. ನಿಜವಾಗಿ ಎಳೆಯುತ್ತಿದ್ದವನು ಒಬ್ಬನೇ. ಆಗಲೂ ಕೈಯ ಬಿಗಿ ಸಡಿಲವಾಯಿತು. ನನ್ನ ಹಿಂದೆ ಬೇಕಾದಷ್ಟು ಜನ ಇದ್ದಾರೆ ಎಂಬ ಭಾವನೆಯೇ ಸಾಕು.

64 ಜನರ ಸಭೆಯಲ್ಲಿ ‘ಯಾರಾದರೂ ಆ ಶಾಲೆಗೆ ಹೋಗಿಬನ್ನಿ’ ಎಂದರೆ ಪ್ರತಿಯೊಬ್ಬರ ಹಿಂದೆಯೂ 63 ಜನ. ಇನ್ನೊಂದು ಲೆಕ್ಕವೂ ಇದೆ. 64 ಜನರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾ ಹೋದರೆ 2,016 ಜೋಡಿ ಆಗುತ್ತವೆ. ಆರು ಜನರಲ್ಲಿ 15. ಆ ಹದಿನೈದೂ ಜೋಡಿ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವು. ಯಾರ ಮಂಡಿ ನೋಯುತ್ತದೆ, ಯಾರಿಗೆ ರಾತ್ರಿ ಕಾರ್ ಓಡಿಸಲು ಆಗುವುದಿಲ್ಲ, ಯಾರು ಹೂಂ ಎಂದರೆ ನಿಜಕ್ಕೂ ಹೂಂ ಎಂದರ್ಥ, ಎಲ್ಲ ಗೊತ್ತಿರುತ್ತದೆ. ಕೆಲಸ ಸಾಗುವುದು ಈ ತಿಳಿವಳಿಕೆಯ ಮೇಲೆ.

ಹಾಗಾಗಿ ಸಣ್ಣ ಗುಂಪು ಮಾಡಬೇಕು ಎಂಬ ನಿಮ್ಮ ಯೋಚನೆ ಸರಿ. ನನ್ನ ತಕರಾರು ಇರುವುದು ಆ ಏಳು ಹೆಸರುಗಳ ಬಗ್ಗೆ. ದಯವಿಟ್ಟು ಫಿಸಿಕ್ಸ್, ಕೆಮಿಸ್ಟ್ರಿ ಎಂದು ಹಂಚಬೇಡಿ.

ನಾನು ಇದನ್ನು ಮಾಡಿ ಪೆಟ್ಟು ತಿಂದಿದ್ದೇನೆ. ನಿವೃತ್ತಿಯಾದ ಮೇಲೆ ಬೆಂಗಳೂರಿನ ಒಂದು ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ನಾವೂ ನಿಮ್ಮ ಹಾಗೇ ಯೋಚಿಸಿ, ವಿಷಯಕ್ಕೊಂದರಂತೆ ಎಂಟು ಗುಂಪು ಮಾಡಿದೆವು. ಮೊದಲ ತಿಂಗಳು ಭಾರಿ ಉತ್ಸಾಹ. ಪ್ರತಿ ಗುಂಪಿಗೂ ಒಬ್ಬ ಸಂಚಾಲಕ, ಒಬ್ಬ ಸಹಸಂಚಾಲಕ. ಎರಡನೇ ತಿಂಗಳು ಫಿಸಿಕ್ಸ್ ಗುಂಪು ಸೇರಿತು. ಒಳ್ಳೊಳ್ಳೆಯ ಜನ. ಟೇಬಲ್ ಸುತ್ತ ಕೂತರು. ‘ನಾವು ಏನು ಮಾಡೋಣ?’ ಎಂಬ ಪ್ರಶ್ನೆ ಬಂತು. ಒಂದೂವರೆ ಗಂಟೆ ಮಾತಾಡಿ, ಫಿಸಿಕ್ಸ್ ಶಿಕ್ಷಣದ ಸ್ಥಿತಿಗತಿಯ ಬಗ್ಗೆ ಒಂದು ವರದಿ ಬರೆಯೋಣ ಎಂದು ಎದ್ದರು. ವರದಿ ಬರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಎಂಟರಲ್ಲಿ ಆರು ಗುಂಪು ಹೆಸರಿಗಷ್ಟೇ ಉಳಿದಿದ್ದವು. ಯಾರೂ ಜಗಳ ಆಡಲಿಲ್ಲ. ಒಂದೊಂದಾಗಿ ಸದ್ದಿಲ್ಲದೆ ಆರಿಹೋದವು. ಗುಂಪುಗಳ ಪಟ್ಟಿಯನ್ನು ರಾತ್ರಿ ಕೂತು ನಾನೇ ತಯಾರಿಸಿದ್ದೆ. ಅದಕ್ಕೇ ಜಾಸ್ತಿ ನೋವಾಯಿತು.

ಯಾಕೆ ಹೀಗಾಯಿತು ಎಂದು ಆಮೇಲೆ ಅರ್ಥವಾಯಿತು. ನಾವು ನಮ್ಮ ಹಳೆಯ ಡಿವಿಷನ್‌ಗಳನ್ನೇ ಮತ್ತೆ ಕಟ್ಟಿದ್ದೆವು. ಅದು ನಮಗೆ ಗೊತ್ತಿದ್ದ ಮನೆ, ಅಲ್ವಾ? ಆದರೆ ಲ್ಯಾಬಿನಲ್ಲಿ ಡಿವಿಷನ್ ನಡೆಯುತ್ತಿದ್ದದ್ದು ಹೊರಗಿನಿಂದ ಪ್ರಾಜೆಕ್ಟ್ ಬರುತ್ತಿತ್ತು, ಹಣ ಬರುತ್ತಿತ್ತು, ಗಡುವು ಬರುತ್ತಿತ್ತು ಎಂಬ ಕಾರಣಕ್ಕೆ. ಆ ಮೂರನ್ನೂ ತೆಗೆದರೆ ಡಿವಿಷನ್ ಎಂದರೆ ಬಾಗಿಲ ಮೇಲಿನ ಬೋರ್ಡು ಅಷ್ಟೇ. ಇನ್ನೊಂದು ಮಾತು. ಊರಿನಲ್ಲಿ ಯಾರಿಗೂ ‘ಫಿಸಿಕ್ಸ್’ ಬೇಕಾಗಿರುವುದಿಲ್ಲ. ಹೆಡ್‌ಮೇಡಂಗೆ ಬೇಕಾಗಿರುವುದು ಮೂರು ವರ್ಷದಿಂದ ಬೀಗ ಹಾಕಿರುವ ಲ್ಯಾಬನ್ನು ತೆರೆದು ನಡೆಸಿಕೊಡುವವರು. ಉಪ್ಪಿನಕಾಯಿ ಮಾಡುವ ಸ್ವಸಹಾಯ ಸಂಘದ ಹೆಂಗಸರಿಗೆ ಬೇಕಾಗಿರುವುದು ಎರಡು ತಿಂಗಳಿಗೇ ಬೂಸಲು ಯಾಕೆ ಬರುತ್ತದೆ ಎಂಬ ಉತ್ತರ. ಇವು ಯಾವ ಡಿವಿಷನ್ನಿಗೂ ಪೂರ್ತಿ ಸೇರುವುದಿಲ್ಲ.

ಇದಕ್ಕೆ ನಮ್ಮ ಪಕ್ಕದ ರಾಜ್ಯದ ಒಂದು ಉದಾಹರಣೆ ಹೇಳುತ್ತೇನೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಕೋಝಿಕ್ಕೋಡ್‌ನಲ್ಲಿ ಶುರುವಾಯಿತು. ಮಲಯಾಳದಲ್ಲಿ ವಿಜ್ಞಾನ ಬರೆಯುವ ಕೆಲವರು ಸೇರಿ ಕಟ್ಟಿದ ಸಂಸ್ಥೆ. ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಜಲವಿದ್ಯುತ್ ಅಣೆಕಟ್ಟು ಕಟ್ಟಬೇಕೆ ಬೇಡವೆ ಎಂಬ ಪ್ರಶ್ನೆ ಬಂದಾಗ ಅವರು ಅದನ್ನು ಬಾಟನಿ ವಿಭಾಗಕ್ಕೆ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಐದು ಜನ ಕೂತರು. ಅದರಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಎಂ.ಕೆ. ಪ್ರಸಾದ್ ಇದ್ದರು, ನ್ಯೂಕ್ಲಿಯರ್ ಎಂಜಿನಿಯರ್ ಎಂ.ಪಿ. ಪರಮೇಶ್ವರನ್ ಇದ್ದರು, ಅರ್ಥಶಾಸ್ತ್ರಜ್ಞ ಕೆ.ಪಿ. ಕಣ್ಣನ್ ಇದ್ದರು. ಕಾಡಿನಿಂದ ಹಿಡಿದು ವಿದ್ಯುತ್ತಿನವರೆಗೆ, ಹಣದಿಂದ ಹಿಡಿದು ಜನರವರೆಗೆ ಎಲ್ಲ ಲೆಕ್ಕ ಒಂದೇ ವರದಿಯಲ್ಲಿ ಬಂತು. ಅದು 1979ರ ಮಾತು. ಕೊನೆಗೆ ಯೋಜನೆ ಕೈಬಿಟ್ಟರು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಹೋರಾಟದಲ್ಲಿ ಇನ್ನೂ ಎಷ್ಟೋ ಜನ ಇದ್ದರು, ಗೆಲುವು ಈ ಐವರದ್ದು ಮಾತ್ರ ಅಲ್ಲ. ಆದರೆ ಒಂದು ಸ್ಪಷ್ಟ ಪ್ರಶ್ನೆಯನ್ನು ಬೇರೆ ಬೇರೆ ವಿದ್ಯೆಯ ಐದು ಜನರ ಮುಂದೆ ಇಟ್ಟರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಸಂಘದಲ್ಲೂ ಎಂಟು ಗುಂಪು ಆರಿಹೋದ ಮೇಲೆ ಹುಟ್ಟಿದ್ದು ಒಂದು ನೀರಿನ ಗುಂಪು. ಅದನ್ನು ಯಾರೂ ಯೋಜನೆ ಹಾಕಿ ಮಾಡಲಿಲ್ಲ. ಕೋಲಾರ ಜಿಲ್ಲೆಯ ಒಂದು ಹೈಸ್ಕೂಲಿನ ಮೇಷ್ಟ್ರು ಫೋನ್ ಮಾಡಿ, ‘ನಮ್ಮ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇದೆ ಸಾರ್, ಊರಿನ ಬೋರ್‌ವೆಲ್ ನೀರು ನೋಡಿಕೊಡ್ತೀರಾ?’ ಎಂದು ಕೇಳಿದರು. ಐದು ಜನ ಹೊರಟೆವು. ನಾನು ಕೆಮಿಸ್ಟ್ರಿಯವನು. ಜೊತೆಗೆ ಒಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬರು ಬೇಸಾಯ ವಿಜ್ಞಾನ, ಒಬ್ಬರು ವಿಮಾನದ ರೆಕ್ಕೆಗಳ ಲೆಕ್ಕ ಹಾಕಿ ನಿವೃತ್ತರಾದವರು, ಇನ್ನೊಬ್ಬರು ಲ್ಯಾಬಿನ ಅಕೌಂಟ್ಸ್‌ನಲ್ಲಿದ್ದವರು.

ಮೊದಲ ದಿನ ಏನೇನು ತಪ್ಪಾಯಿತು ಎಂದು ಹೇಳಲೇಬೇಕು. ಬಾಟಲಿಗಳ ಮೇಲೆ ಬೋರ್‌ವೆಲ್ ನಂಬರನ್ನು ಸ್ಕೆಚ್ ಪೆನ್ನಿನಲ್ಲಿ ಬರೆದೆವು. ಒದ್ದೆ ಕೈ ತಾಗಿ ಏಳು ಬಾಟಲಿಯಲ್ಲಿ ಮೂರರ ನಂಬರ್ ಅಳಿಸಿಹೋಯಿತು. ಆ ಮೂರನ್ನೂ ಚೆಲ್ಲಿ ಮತ್ತೆ ನೀರು ತರಬೇಕಾಯಿತು, ಅಷ್ಟರಲ್ಲಿ ಕರೆಂಟ್ ಹೋಗಿ ಪಂಪ್ ನಿಂತಿತ್ತು. ಮುಂದಿನ ಸಲದಿಂದ ಪೆನ್ಸಿಲಿನಲ್ಲಿ ಬರೆದ ಚೀಟಿ, ಅದರ ಮೇಲೆ ಸೆಲ್ಲೋಟೇಪ್. ಇದನ್ನು ಹೇಳಿಕೊಟ್ಟವರು ಅಕೌಂಟ್ಸ್‌ನವರು. ಶಾಲೆಯ ವರಾಂಡದಲ್ಲಿ ಟೇಬಲ್ ಹಾಕಿ ಕಿಟ್ ತೆರೆದೆವು. ನೀರಿಗೆ ದ್ರಾವಣದ ಹನಿ ಬಿದ್ದ ಮೇಲೆ ಗುಲಾಬಿ ಬಣ್ಣ ಹಳದಿಯ ಕಡೆಗೆ ತಿರುಗಿದಷ್ಟೂ, ಹಲ್ಲಿಗೆ ಕಂದು ಗೆರೆ ತರುವ ಫ್ಲೋರೈಡ್ ಎಂಬ ಲವಣ ಜಾಸ್ತಿ ಎಂದರ್ಥ. ಒಂದು ಬಾಟಲಿ ಗುಲಾಬಿಯಾಗಿಯೇ ಉಳಿಯಿತು. ಪಕ್ಕದ್ದು ನೋಡನೋಡುತ್ತಲೇ ಹಳದಿಯಾಯಿತು. ಒಂದೇ ಊರಿನ ಎರಡು ಬೋರ್‌ವೆಲ್. ಸುತ್ತ ನಿಂತಿದ್ದ ಮಕ್ಕಳು ಒಮ್ಮೆಲೇ ಸುಮ್ಮನಾದರು.

ಅಲ್ಲಿ ಸೇರಿದ್ದ ಹೆಂಗಸರಿಗೆ ನಾನು ‘ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ’ ಎಂದು ವಿವರಿಸಲು ಶುರು ಮಾಡಿದೆ. ಬೇಸಾಯ ವಿಜ್ಞಾನದವರು ನನ್ನ ತೋಳು ಮುಟ್ಟಿ ತಡೆದರು. ಅವರು ಹೇಳಿದ್ದು ಇಷ್ಟೇ: ‘ಅಮ್ಮಾ, ದೇವಸ್ಥಾನದ ಹಿಂದಿನ ಬೋರ್ ನೀರು ಪಾತ್ರೆ ತೊಳೆಯೋಕೆ ಇರಲಿ. ಕುಡಿಯೋಕೆ, ಅಡಿಗೆಗೆ ಬೇಡ. ಕುದಿಸಿದರೆ ಈ ದೋಷ ಹೋಗಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಜಾಸ್ತಿಯಾಗುತ್ತೆ.’ ಎಲ್ಲರಿಗೂ ಅರ್ಥವಾಯಿತು. ಅದೇ ಹೊತ್ತಿಗೆ ವಿಮಾನದವರು ಊರಿನ ನಕ್ಷೆ ಬರೆದು ಪ್ರತಿ ಬೋರ್‌ವೆಲ್ ಪಕ್ಕ ಬಣ್ಣದ ಚುಕ್ಕೆ ಇಡುತ್ತಿದ್ದರು. ಆ ನಕ್ಷೆಯನ್ನು ಮೇಷ್ಟ್ರು ಪಂಚಾಯಿತಿಗೆ ಒಯ್ದರು. ನಾವು ಐದು ಜನ ಕೆಮಿಸ್ಟ್ರಿಯವರೇ ಹೋಗಿದ್ದರೆ ಮೊದಲ ಬಾಟಲಿಯ ಎದುರು ಯಾವ ವಿಧಾನ ಹೆಚ್ಚು ನಿಖರ ಎಂದು ಚರ್ಚೆ ಮಾಡುತ್ತಾ ಕೂತುಬಿಡುತ್ತಿದ್ದೆವು. ನನ್ನ ಜೊತೆಯವರನ್ನು ಚೆನ್ನಾಗಿ ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ.

ಈಗ ನಿಮ್ಮ ಸಂಘಕ್ಕೆ ಬರೋಣ. ಗುಂಪು ಮಾಡುವ ಮೊದಲು ಒಂದು ತಿಂಗಳು ಕೇಳಿಸಿಕೊಳ್ಳುವ ಕೆಲಸ ಮಾಡಿ. ಶಾಲೆಗಳಿಗೆ, ಸ್ವಸಹಾಯ ಸಂಘಗಳಿಗೆ ಇಬ್ಬಿಬ್ಬರು ಹೋಗಿ. ‘ನಾವು ವಿಜ್ಞಾನಿಗಳು, ನಿಮಗೆ ಏನು ಹೇಳಿಕೊಡಬೇಕು?’ ಎಂದು ಕೇಳಬೇಡಿ. ‘ಈಗ ಯಾವ ಕೆಲಸ ನಿಂತುಹೋಗಿದೆ?’ ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ಜರ್ಮನಿಯಲ್ಲಿ 1983ರಿಂದ ಇರುವ ಹಿರಿಯ ತಜ್ಞರ ಸೇವಾ ಸಂಸ್ಥೆ ನಡೆಯುವುದೂ ಹೀಗೇ. ಮೊದಲು ಒಂದು ಕಡೆಯಿಂದ ಬೇಡಿಕೆ ಬರಬೇಕು, ಆಮೇಲೆ ಅದಕ್ಕೆ ತಕ್ಕ ನಿವೃತ್ತರನ್ನು ಹುಡುಕುತ್ತಾರೆ.

ಮೈಸೂರಿನಲ್ಲಿ ಬೇಡಿಕೆಗೆ ಬರವಿಲ್ಲ. 1950ರಿಂದ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇರುವ ಊರು ನಿಮ್ಮದು. ಆಹಾರ ವಿಜ್ಞಾನ ಬಲ್ಲ ನಿವೃತ್ತರು ಬೀದಿಗೊಬ್ಬರು ಸಿಗುತ್ತಾರೆ. ಸಣ್ಣ ಆಹಾರ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಯೋಜನೆಯ ವೆಚ್ಚದಲ್ಲಿ ನೂರಕ್ಕೆ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇಟ್ಟರು. ಆದರೆ ರಾಗಿ ಹುರಿಹಿಟ್ಟು ಎಷ್ಟು ದಿನ ಕೆಡದೆ ಇರುತ್ತದೆ, ಪೊಟ್ಟಣ ಯಾವುದಿರಬೇಕು, ಲೇಬಲ್ ಮೇಲೆ ಏನು ಬರೆಯಬೇಕು ಎಂದು ಪಕ್ಕದಲ್ಲಿ ಕೂತು ಹೇಳಿಕೊಡುವವರು ಕಡಿಮೆ. ಅಲ್ಲಿ ಒಂದು ಗುಂಪಿಗೆ ಕೆಲಸ ಇದೆ. ಮಕ್ಕಳು ಕೈಯಾರೆ ಯಂತ್ರ, ಸರ್ಕ್ಯೂಟು ಮಾಡಿ ಕಲಿಯಲೆಂದು ಕೊಟ್ಟ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಯಂತ್ರ ಇದ್ದು, ಅದನ್ನು ಬಿಚ್ಚಿ ಜೋಡಿಸಲು ಧೈರ್ಯ ಇರುವವರು ಇಲ್ಲದ ಕಡೆ ಇನ್ನೊಂದು ಗುಂಪಿಗೆ ಕೆಲಸ ಇದೆ. ನಂಜನಗೂಡು, ಹುಣಸೂರು ಕಡೆಯ ಸರ್ಕಾರಿ ಹೈಸ್ಕೂಲುಗಳಿಗೆ ಹೋಗಿ ಬೀರು ತೆಗೆಸಿ ನೋಡಿ. ಪ್ಯಾಕ್ ಬಿಚ್ಚದ ಗಾಜಿನ ಸಾಮಾನು ಸಿಗಬಹುದು. ಯಾರೂ ಕಲಿಸಿಲ್ಲ ಎಂದಲ್ಲ, ಒಡೆದರೆ ಯಾರು ಜವಾಬ್ದಾರಿ ಎಂಬ ಭಯ.

ಹೀಗೆ ತಂದ ಬೇಡಿಕೆಗಳಲ್ಲಿ ಮೂರನ್ನು ಆರಿಸಿ. ಏಳು ಬೇಡ. ಮೂರು ಗುಂಪು, ಒಂದೊಂದರಲ್ಲಿ ಐದರಿಂದ ಏಳು ಜನ. ಮಿಕ್ಕವರು ಕಾಯಲಿ, ನೋಡಲಿ. ಪಕ್ಕದ ಗುಂಪಿನವರು ಖುಷಿಯಾಗಿ ಕೆಲಸ ಮಾಡಿಬಂದು ಕಥೆ ಹೇಳುವುದನ್ನು ಕೇಳಿದರೆ ನಾಲ್ಕನೇ ಗುಂಪು ತಾನಾಗೇ ಹುಟ್ಟುತ್ತದೆ.

ಪ್ರತಿ ಗುಂಪಿಗೂ ಒಂದು ಪುಟದ ಕಾಗದ ಇರಲಿ. ಏನು ಕೆಲಸ, ಯಾರಿಗಾಗಿ, ಯಾರ್ಯಾರು ಮಾಡುತ್ತಾರೆ, ಎಷ್ಟು ಖರ್ಚು, ಯಾವ ದಿನಾಂಕಕ್ಕೆ ಮುಗಿಯುತ್ತದೆ. ಕೊನೆಯದನ್ನು ಖಂಡಿತ ಬಿಡಬೇಡಿ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಸಂಸ್ಥೆ 1986ರಿಂದ ನಡೆಯುತ್ತಿದೆ. ಅಲ್ಲಿ ಕೆಲಸವೆಲ್ಲ ಸಣ್ಣ ಕಾರ್ಯಗುಂಪುಗಳಲ್ಲೇ. ಪ್ರತಿ ಗುಂಪಿಗೂ ಒಂದು ಕರಾರುಪತ್ರ ಇರುತ್ತದೆ. ಕೆಲಸ ಮುಗಿದರೆ ಗುಂಪನ್ನು ಮುಚ್ಚುತ್ತಾರೆ. ಮುಚ್ಚುವುದು ಸೋಲಲ್ಲ, ಅದು ಅಲ್ಲಿ ಮಾಮೂಲಿ. ನಮ್ಮಲ್ಲಿ ಹಾಗಲ್ಲ. ಒಂದು ಸಮಿತಿ ಮಾಡಿದರೆ ಅದು ಶಾಶ್ವತ. ಮುಗಿಯುವ ದಿನ ಗೊತ್ತಿಲ್ಲದ ಕೆಲಸಕ್ಕೆ 72 ವರ್ಷದವರು ಹೂಂ ಎನ್ನಲು ಹೆದರುತ್ತಾರೆ, ಅದು ಸಹಜ. ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಾರಕ್ಕೆ ಒಂದು ಬೆಳಿಗ್ಗೆ’ ಎಂದರೆ ಅದೇ ವ್ಯಕ್ತಿ ಮೊದಲು ಕೈ ಎತ್ತುತ್ತಾರೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ದಿನಾಂಕ ಇಡುವಾಗ ನಮ್ಮ ವಯಸ್ಸಿನವರ ಕ್ಯಾಲೆಂಡರ್ ನೋಡಿ. ನವೆಂಬರ್‌ನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡುವ ಗಡಿಬಿಡಿ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಮಗಳ ಹೆರಿಗೆಗೆ ಅಂತ ಅಮೆರಿಕಕ್ಕೆ ಹೋದರೆ ಆರು ತಿಂಗಳು ಸಿಗುವುದಿಲ್ಲ. ಕಣ್ಣಿನ ಪೊರೆ ಆಪರೇಷನ್ ಆದರೆ ಕೆಲವು ವಾರ ಧೂಳಿನ ಕಡೆ ಹೋಗುವಂತಿಲ್ಲ. ಅದಕ್ಕೇ ಪ್ರತಿ ಗುಂಪಿಗೂ ಇಬ್ಬರು ಸಂಚಾಲಕರು ಬೇಕು, ಇಬ್ಬರ ಹತ್ತಿರವೂ ಬೀಗದ ಕೈ, ಫೋನ್ ನಂಬರ್ ಪಟ್ಟಿ, ಲೆಕ್ಕದ ಪುಸ್ತಕ ಇರಬೇಕು. ಒಬ್ಬರು ವಿಮಾನ ಹತ್ತಿದರೆ ಕೆಲಸ ನಿಲ್ಲಬಾರದು.

ಸಂಚಾಲಕರು ಯಾರಾಗಬೇಕು? ಇದು ಸೂಕ್ಷ್ಮ ವಿಷಯ, ನೇರವಾಗಿ ಹೇಳುತ್ತೇನೆ. ಹಿಂದೆ ದೊಡ್ಡ ಹುದ್ದೆಯಲ್ಲಿದ್ದವರನ್ನೇ ಸಂಚಾಲಕರನ್ನಾಗಿ ಮಾಡುವುದು ನಮ್ಮ ಅಭ್ಯಾಸ. ಡೈರೆಕ್ಟರ್ ಆಗಿದ್ದವರು ಕೂತಿರುವಾಗ ಟೆಕ್ನಿಕಲ್ ಆಫೀಸರ್ ಆಗಿದ್ದವರು ಹೇಗೆ ಮುಂದೆ ಬಂದಾರು? ಆದರೆ ಶಾಲೆಗೆ ಫೋನ್ ಮಾಡಿ, ಆಟೋ ಹುಡುಕಿ, ಹೆಡ್‌ಮೇಡಂ ಬದಲಾದರೆ ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳುವ ತಾಳ್ಮೆ ಬೇರೆಯೇ ಗುಣ. ಅದು ಹುದ್ದೆ ನೋಡಿ ಬರುವುದಿಲ್ಲ. ನಮ್ಮ ನೀರಿನ ಗುಂಪನ್ನು ಕೊನೆಗೆ ನಡೆಸಿದವರು ಅಕೌಂಟ್ಸ್‌ನವರು. ಆಮೇಲೆ ಗುಂಪಿಗೆ ಸೇರಿದ, ಒಂದು ದೊಡ್ಡ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯರು ಬಾಟಲಿಗಳ ಬುಟ್ಟಿ ಹಿಡಿದು ಅವರ ಹಿಂದೆ ನಡೆಯುತ್ತಿದ್ದರು. ಒಮ್ಮೆ ಹೊಲದ ಬದುವಿನ ಮೇಲೆ ನಿಂತು, ‘ಇಷ್ಟು ವರ್ಷ ಸಹಿ ಹಾಕಿ ಹಾಕಿ ಕೈಯಲ್ಲಿ ಸ್ಯಾಂಪಲ್ ಹಿಡಿದು ಎಷ್ಟು ಕಾಲವಾಗಿತ್ತು’ ಎಂದರು. ಅವರ ಮುಖ ಈಗಲೂ ಕಣ್ಣ ಮುಂದಿದೆ. ಹುದ್ದೆಯ ಭಾರ ಇಳಿಸಿ ಕೊಟ್ಟರೆ ಎಷ್ಟೋ ಹಿರಿಯರು ಹಗುರಾಗುತ್ತಾರೆ. ಕೇಳಿ ನೋಡಿ.

ಸಂಘ ಒಡೆಯುತ್ತದೆ ಎಂಬ ನಿಮ್ಮ ಹಿರಿಯರ ಭಯವನ್ನು ತಳ್ಳಿಹಾಕಬೇಡಿ. ಅದರಲ್ಲಿ ಎರಡು ಮಾತು ಸೇರಿದೆ. ಒಂದು, ನಿಜವಾಗಿಯೂ ಗುಂಪುಗಳು ದೂರವಾಗಿ ತಮ್ಮದೇ ಹೆಸರು, ತಮ್ಮದೇ ರಸೀದಿ ಪುಸ್ತಕ ಮಾಡಿಕೊಳ್ಳುವ ಅಪಾಯ. ಇದನ್ನು ನಿಯಮದಿಂದ ತಡೆಯಬಹುದು. ಇನ್ನೊಂದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ‘ನನಗೆ ಓಡಾಡಲು ಆಗುವುದಿಲ್ಲ. ಎಲ್ಲರೂ ಗುಂಪು ಗುಂಪಾಗಿ ಹೋದರೆ ನಾನು ಎಲ್ಲಿ?’ ತಿಂಗಳ ಸಭೆಯೇ ಅವರಿಗೆ ಮನೆಯಿಂದ ಹೊರಗೆ ಬರುವ ಒಂದು ದಿನ. ಪತ್ನಿ ತೀರಿಕೊಂಡಿರಬಹುದು, ಮಕ್ಕಳು ದೂರ ಇರಬಹುದು. ಅವರಿಗೆ ಕೆಲಸದ ಪಟ್ಟಿ ತೋರಿಸಿದರೆ ಅದು ಬಾಗಿಲು ಹಾಕಿದ ಹಾಗೆ ಕಾಣುತ್ತದೆ.

ಆದ್ದರಿಂದ ಗುಂಪು ಸೇರುವುದು ಕಡ್ಡಾಯ ಅಲ್ಲ ಎಂದು ಮೊದಲೇ, ಎಲ್ಲರ ಮುಂದೆ ಹೇಳಿ. ಮನೆಯಲ್ಲೇ ಕೂತು ಮಾಡುವ ಕೆಲಸವನ್ನೂ ಪ್ರತಿ ಗುಂಪಿನಲ್ಲಿ ಇಡಿ. ಮಕ್ಕಳಿಗೆ ಕೊಡುವ ಪ್ರಯೋಗದ ಹಾಳೆಯ ಕನ್ನಡ ತಿದ್ದುವುದು, ವಾರಕ್ಕೊಮ್ಮೆ ಸಂಜೆ ಫೋನಿನಲ್ಲಿ ಶಿಕ್ಷಕರ ಪ್ರಶ್ನೆಗೆ ಉತ್ತರಿಸುವುದು, ಇವು ಸಣ್ಣ ಕೆಲಸ ಅಲ್ಲ. 80 ದಾಟಿದ ಒಬ್ಬರು ನಮ್ಮ ಹಾಳೆಗಳನ್ನು ತಿದ್ದುತ್ತಿದ್ದರು. ‘ಆಸವನ’ ಎಂದಿದ್ದ ಕಡೆ ಅದನ್ನು ಹೊಡೆದು ‘ಬಟ್ಟಿ ಇಳಿಸುವುದು’ ಎಂದು ಬರೆದಿದ್ದರು. ಮಕ್ಕಳಿಗೆ ಯಾವುದು ಹತ್ತಿರ, ನೀವೇ ಹೇಳಿ.

ಉಪನ್ಯಾಸ ಇಷ್ಟಪಡುವವರನ್ನೂ ಕಡೆಗಣಿಸಬೇಡಿ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ. ಅಷ್ಟೇ. ಆ ಒಂದು ಸರಳ ಕೆಲಸವನ್ನು ಬಿಡದೆ ನಡೆಸಿದ್ದರಿಂದ ಎಷ್ಟು ತಲೆಮಾರಿನ ಹುಡುಗರು ಆ ಬೆಂಚುಗಳ ಮೇಲೆ ಕೂತು ಹೋದರು! ಉಪನ್ಯಾಸ ಏರ್ಪಡಿಸುವುದನ್ನೇ ನಿಮ್ಮ ಮೂರರಲ್ಲಿ ಒಂದು ಗುಂಪು ಮಾಡಬಹುದು. ಅದಕ್ಕೂ ಒಂದು ಪುಟದ ಕಾಗದ ಇರಲಿ.

ಬೈಲಾ ಬಗ್ಗೆ ಕೇಳಿದ್ದೀರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿಯಾದ ಸಂಘ ನಿಮ್ಮದು ಎಂದುಕೊಂಡಿದ್ದೇನೆ. ನಿಮ್ಮ ಬೈಲಾ ತೆಗೆದು ಉಪಸಮಿತಿಗಳ ಬಗ್ಗೆ ಒಂದು ಕಲಂ ಇದೆಯಾ ನೋಡಿ. ಬಹಳಷ್ಟು ಬೈಲಾಗಳಲ್ಲಿ ಇರುತ್ತದೆ. ಇದ್ದರೆ ಕಾರ್ಯಕಾರಿ ಸಮಿತಿಯ ಒಂದು ನಿರ್ಣಯ ಸಾಕು, ಗುಂಪುಗಳನ್ನು ಅದರ ಕೆಳಗೇ ತನ್ನಿ. ಇಲ್ಲದಿದ್ದರೆ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಆ ಕಲಂ ಸೇರಿಸಿಕೊಳ್ಳಿ. ಅಲ್ಲಿಯ ತನಕ ಕಾಯುತ್ತಾ ಕೂರಬೇಡಿ, ಸದಸ್ಯರು ಐದು ಜನ ಶಾಲೆಗೆ ಹೋಗಿಬರಲು ಬೈಲಾ ಅಡ್ಡಿ ಬರುವುದಿಲ್ಲ. ಗುಂಪುಗಳ ಹೆಸರನ್ನು ಮಾತ್ರ ಬೈಲಾದೊಳಗೆ ಬರೆಸಬೇಡಿ. ಬರೆಸಿದರೆ ಮುಚ್ಚಲು ಪ್ರತಿ ಸಲ ತಿದ್ದುಪಡಿ ಬೇಕಾಗುತ್ತದೆ.

ಹಣದಲ್ಲಿ ಬಿಗಿಯಾಗಿರಿ. ಬ್ಯಾಂಕ್ ಖಾತೆ ಒಂದೇ, ಪ್ಯಾನ್ ಒಂದೇ, ರಸೀದಿ ಪುಸ್ತಕ ಒಂದೇ. ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ ಇದ್ದರೆ ಅದು ಸಂಘಕ್ಕೆ ಸಿಕ್ಕಿದ್ದು, ಗುಂಪಿಗಲ್ಲ. ಯಾವ ಗುಂಪೂ ಹೊರಗಿನವರಿಂದ ನೇರವಾಗಿ ಹಣ ಪಡೆಯಬಾರದು, ಸಂಚಾಲಕರ ಸ್ವಂತ ಫೋನಿನ ಕ್ಯೂಆರ್ ಕೋಡ್‌ಗಂತೂ ಬೇಡವೇ ಬೇಡ. ಖರ್ಚಿಗೆ ಗುಂಪಿಗೊಂದು ಸಣ್ಣ ಮುಂಗಡ ಕೊಡಿ. ಬಿಲ್ ಕೊಟ್ಟ ಮೇಲೆ ಮತ್ತೆ ತುಂಬಿಸಿ. ಆಟೋ ಖರ್ಚಿಗೂ ಸಮಿತಿಯ ಒಪ್ಪಿಗೆ ಬೇಕು ಎಂದರೆ ಎರಡನೇ ಸಲ ಯಾರೂ ಹೋಗುವುದಿಲ್ಲ.

ಶಾಲೆಗಳಿಗೆ ಹೋಗುವ ಗುಂಪಿಗೆ ಒಂದು ನಿಯಮ ಬರೆದಿಡಿ. ಮಕ್ಕಳ ಜೊತೆ ನಮ್ಮವರು ಯಾರೂ ಒಬ್ಬರೇ ಇರಬಾರದು, ಶಾಲೆಯ ಶಿಕ್ಷಕರು ಕೋಣೆಯಲ್ಲಿ ಇರಲೇಬೇಕು. ಯಾರ ಮೇಲೂ ಅನುಮಾನದಿಂದ ಹೇಳುತ್ತಿಲ್ಲ. ಮಕ್ಕಳಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಶಿಕ್ಷಕರು ಪಕ್ಕದಲ್ಲಿದ್ದರೆ ನಾವು ಬಂದುಹೋದ ಮೇಲೂ ಪ್ರಯೋಗ ಮುಂದುವರಿಯುತ್ತದೆ.

ತಿಂಗಳ ಸಭೆ ನಿಲ್ಲಿಸಬೇಡಿ. ಅದರ ಹೊಟ್ಟೆಯನ್ನು ಮಾತ್ರ ಬದಲಿಸಿ. ಹಾಲ್ ಬಾಡಿಗೆ, ಬ್ಯಾನರ್ ಬಣ್ಣದ ಚರ್ಚೆಯೆಲ್ಲ ಕಾರ್ಯಕಾರಿ ಸಮಿತಿಯಲ್ಲೇ ಮುಗಿಯಲಿ. ಸಭೆಯಲ್ಲಿ ಒಂದೊಂದು ಗುಂಪಿಗೆ ಹತ್ತು ನಿಮಿಷ. ವರದಿ ಓದುವುದು ಬೇಡ, ಏನಾದರೂ ತಂದು ತೋರಿಸಲಿ. ಬೂಸಲು ಹಿಡಿದ ಒಂದು ಡಬ್ಬಿ, ಮಕ್ಕಳು ಮಾಡಿದ ಒಂದು ಸರ್ಕ್ಯೂಟು, ಹಳದಿಯಾದ ಒಂದು ಬಾಟಲಿ. ಈ ತಿಂಗಳು ಏನು ಕೆಟ್ಟಿತು ಎಂದು ಒಂದು ಮಾತು ಹೇಳಲಿ. ಅಳಿಸಿಹೋದ ನಂಬರಿನ ಕಥೆಯನ್ನು ಸಭೆಯಲ್ಲಿ ಹೇಳಿದ ದಿನ, ಆವರೆಗೆ ಬಾಯಿ ಬಿಡದ ಇಬ್ಬರು ಎದ್ದು, ‘ಮುಂದಿನ ಸಲ ನಾವೂ ಬರುತ್ತೇವೆ’ ಎಂದರು. ಉಳಿದ ಹೊತ್ತು ಕಾಫಿ, ಮಾತು. ಅದಕ್ಕೆ ಕತ್ತರಿ ಹಾಕಬೇಡಿ.

ಶುರು ಮಾಡುವ ದಿನ ಹೀಗೆ ಮಾಡಿ. ಹಾಲಿನ ಹಿಂದೆ ಮೂರು ಟೇಬಲ್ ಹಾಕಿ, ಒಂದೊಂದರ ಮೇಲೆ ಒಂದು ಕೆಲಸದ ಹಾಳೆ ಮತ್ತು ಒಂದು ಪೆನ್ನು ಇಡಿ. ಸಾಧ್ಯವಾದರೆ ಆ ಕೆಲಸ ಕೇಳಿದವರೇ ಬಂದು ಅಲ್ಲಿ ಕೂರಲಿ, ಆ ಹೆಡ್‌ಮೇಡಂ, ಸ್ವಸಹಾಯ ಸಂಘದ ಆ ಹೆಂಗಸರು. ನಿಮ್ಮ ಸದಸ್ಯರು ಎದ್ದುಹೋಗಿ ಅವರ ಜೊತೆ ಮಾತಾಡಿ ಹೆಸರು ಬರೆಯಲಿ. ವೇದಿಕೆಯಿಂದ ಯಾರ ಹೆಸರನ್ನೂ ಕೂಗಬೇಡಿ. ನಾಲ್ಕು ಹೆಸರೂ ಬೀಳದ ಹಾಳೆಯನ್ನು ಮಡಚಿ ಒಳಗಿಡಿ, ಬಲವಂತ ಮಾಡಬೇಡಿ. ಆ ಕೆಲಸ ಕೇಳಿದವರಿಗೆ ಮಾರನೇ ದಿನವೇ ಫೋನ್ ಮಾಡಿ, ಈಗ ಆಗುತ್ತಿಲ್ಲ ಎಂದು ನೀವೇ ತಿಳಿಸಿ. ಮತ್ತೆ, ಹಳೆಯ ಆ ನಾಲ್ವರಲ್ಲಿ ಯಾರೂ ಎರಡು ಹಾಳೆಯಲ್ಲಿ ಹೆಸರು ಬರೆಯದಂತೆ ನೋಡಿಕೊಳ್ಳಿ. ನೀವೂ ಸೇರಿ.